ಗೋಡೌನ್ ಸರ್ವರ್‌ನ ಗಡಿಯಾರ: 6 ನಿಮಿಷ 40 ಸೆಕೆಂಡ್

ಭಾಗ 1

ಫೋಟೋದಲ್ಲಿ ಹಣೆಗೆ ಕುಂಕುಮ ಇಟ್ಕೊಂಡು ಕೂತಿರೋದು ಒಂದು ನೆಟ್‌ವರ್ಕ್ ಸ್ವಿಚ್. ಆಯುಧ ಪೂಜೆ ದಿನ ಗೋಡೌನಿನ ತಕ್ಕಡಿ, ಟೆಂಪೋ, ಪ್ರಿಂಟರ್ ಜೊತೆ ಇದಕ್ಕೂ ಪೂಜೆ ಆಗಿದೆ. ಚೆಂಡುಹೂವು ಒಣಗಿ ಇನ್ನೂ ಅಲ್ಲೇ ನೇತಾಡ್ತಿದೆ, ನೋಡಿ. ಪೂಜೆಯ ಹಿಂದಿನ ದಿನವಷ್ಟೇ ಬಂದ ಹೊಸ ಸ್ವಿಚ್ ಇದು. ಇದರ ಜೊತೆಗೇ ಒಂದು ಹೊಸ ಸರ್ವರ್ ಕೂಡ ಬಂತು.

ಈ ಡಬ್ಬಿಯೊಳಗೆ ಯಾರೂ ನೋಡದೆ ಬಿಟ್ಟಿದ್ದ ಒಂದು ಸೆಟ್ಟಿಂಗ್‌ನಿಂದ ಏಪ್ರಿಲ್ ಮೊದಲ ವಾರ ಒಬ್ಬ ಅಕ್ಕನ ಕೆಲಸ ಹೋಗೋದ್ರಲ್ಲಿತ್ತು. ಅದೂ ಕಳ್ಳತನದ ಅನುಮಾನದ ಮೇಲೆ.

ನಾನು ಬಿಕಾಂ ಓದ್ತಿರೋಳು. ಕಾಲೇಜು ಮುಗಿಸಿ ಸಂಜೆ ನಮ್ಮ ದಾವಣಗೆರೆಯ ಒಂದು ಹೋಲ್‌ಸೇಲ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಕಲಿಯೋಕೆ ಹೋಗ್ತೀನಿ. ಬೇಳೆ, ಸಕ್ಕರೆ, ಎಣ್ಣೆ ವ್ಯಾಪಾರ. ಕಂಪನಿ ಹೆಸರು ಬೇಡ, ಕೇಳ್ಬೇಡಿ. ಕಂಪ್ಯೂಟರ್ ನೆಟ್‌ವರ್ಕ್ ನನ್ನ ಸಬ್ಜೆಕ್ಟೇ ಅಲ್ಲ. ಆದ್ರೆ ಆ ವಾರ ನೋಡಿದ್ದನ್ನ ನಮ್ಮ ಕ್ಲಾಸಿನ ಎಲ್ಲರಿಗೂ ಹೇಳಲೇಬೇಕು ಅನ್ನಿಸ್ತು. ಯಾಕಂದ್ರೆ ನಾಳೆ ನೀವು ಆಡಿಟ್ ಕಡೆ ಹೋದ್ರೂ, ಅಂಗಡಿ ಲೆಕ್ಕ ಬರೆದ್ರೂ, ಕಂಪ್ಯೂಟರ್ ಹೇಳಿದ ಟೈಮನ್ನ ನಂಬಿಯೇ ಇನ್ನೊಬ್ಬರ ಮೇಲೆ ಬೆರಳು ತೋರಿಸ್ತೀರಿ.

ಭಾಗ 2

ಮೊದಲು ಅಲ್ಲಿನ ವ್ಯವಸ್ಥೆ ಹೇಳ್ತೀನಿ. ರಸ್ತೆಯ ಈ ಕಡೆ ಆಫೀಸು, ಆ ಕಡೆ ಗೋಡೌನ್. ಆಫೀಸಿನಲ್ಲಿ ಮುಖ್ಯ ಸರ್ವರ್, ಅಕೌಂಟ್ಸ್ ರೂಮಿನಲ್ಲಿ ಬ್ಯಾಕಪ್ ಸರ್ವರ್, ಗೋಡೌನಿನಲ್ಲಿ ಮೂರನೆಯದು. ಗಿರಾಕಿಯ ಆರ್ಡರ್‌ಗೆ ಮ್ಯಾನೇಜರ್ ಸರ್ ಆಫೀಸಿನಲ್ಲಿ ಅಪ್ರೂವಲ್ ಕೊಡ್ತಾರೆ, ಅದರ ಟೈಮು ಮುಖ್ಯ ಸರ್ವರ್‌ನದ್ದು. ಗೋಡೌನಿನಲ್ಲಿ ಅಕ್ಕ ಸ್ಲಿಪ್ ತೆಗೆದು, ಹಮಾಲರಿಗೆ ಕೊಟ್ಟು, ಮಾಲು ಹೊರಟ ಮೇಲೆ ಡಿಸ್ಪ್ಯಾಚ್ ಎಂಟ್ರಿ ಹಾಕ್ತಾರೆ. ಅದರ ಟೈಮು ಗೋಡೌನ್ ಸರ್ವರ್‌ನದ್ದು.

ಮಾರ್ಚ್ 31ಕ್ಕೆ ಸ್ಟಾಕ್ ಎಣಿಸಿದಾಗ ತೊಗರಿಬೇಳೆ ಆರು ಚೀಲ ಕಮ್ಮಿ ಬಂತು. ವರ್ಷದ ಕೊನೆ, ಎಲ್ಲರ ತಲೆ ಬಿಸಿ. ಆಡಿಟರ್ ಸರ್ ಕಡೆಯವರು ಎಡಿಟ್ ಲಾಗ್ ತೆಗೆಸಿದರು. ಅದೇ ದಿನದ ಒಂದು ಆರ್ಡರ್: ಅಪ್ರೂವಲ್ ಸಂಜೆ 6:12, ಡಿಸ್ಪ್ಯಾಚ್ 6:08. ಅಂದ್ರೆ ಮ್ಯಾನೇಜರ್ ಒಪ್ಪಿಗೆ ಕೊಡೋಕೆ ನಾಲ್ಕು ನಿಮಿಷ ಮೊದಲೇ ಮಾಲು ಹೊರಗೆ ಹೋಗಿದೆ! ಹಿಂದೆ ಹೋಗಿ ನೋಡಿದ್ರೆ ಇಂಥವು ಒಂದಲ್ಲ ಎರಡಲ್ಲ, ರಾಶಿ ಇವೆ.

‘ಅಪ್ರೂವಲ್ ಇಲ್ಲದೆ ಮಾಲು ಬಿಟ್ಟು, ಆಮೇಲೆ ಸರಿ ಮಾಡ್ಕೊಂಡಿದ್ದಾರೆ, ಆರು ಚೀಲ ಹೀಗೇ ಹೋಗಿರಬೇಕು’ ಅಂತ ಮಾತು ಶುರುವಾಯ್ತು. ಒಂಬತ್ತು ವರ್ಷದಿಂದ ಅಲ್ಲೇ ಇರೋ ಅಕ್ಕನಿಗೆ ಮೂರು ದಿನದೊಳಗೆ ಉತ್ತರ ಕೊಡಿ ಅಂತ ನೋಟಿಸ್ ಬಂತು. ಅವತ್ತು ಅವರು ನನ್ನ ಹತ್ರ ಕೇಳಿದ್ದು ಒಂದೇ ಮಾತು: ‘ನೋಡಮ್ಮ, ಸ್ಲಿಪ್ ಪ್ರಿಂಟ್ ಆಗದೆ ಹಮಾಲರು ಚೀಲ ಮುಟ್ಟಲ್ಲ. ಸ್ಲಿಪ್ ಬರೋದೇ ಅಪ್ರೂವಲ್ ಆದ್ಮೇಲೆ. ಹಂಗಿದ್ರೆ ಮೊದಲೇ ಹೆಂಗ್ ಕಳಿಸ್ಲಿ?’

ಈ ಪ್ರಶ್ನೆಗೆ ಅಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ. ಆದ್ರೂ ನೋಟಿಸ್ ಮಾತ್ರ ಇತ್ತು.

ಭಾಗ 3

ಈ ಎಡಿಟ್ ಲಾಗ್ ಎಲ್ಲಿಂದ ಬಂತು ಅಂತ ಗೊತ್ತಿರಲಿ, ಪರೀಕ್ಷೆಗೂ ಬರುತ್ತೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಪ್ರತಿ ವ್ಯವಹಾರ, ಅದರ ಪ್ರತಿ ಬದಲಾವಣೆ, ಅದು ಯಾವತ್ತು ಆಯ್ತು ಅನ್ನೋದು ದಾಖಲಾಗಬೇಕು, ಮತ್ತು ಆ ಸೌಲಭ್ಯವನ್ನ ಆಫ್ ಮಾಡೋಕೆ ಆಗಬಾರದು. ಕಂಪನೀಸ್ (ಅಕೌಂಟ್ಸ್) ರೂಲ್ಸ್ 2014ರಲ್ಲಿ ಸೇರಿಸಿದ ನಿಯಮ ಇದು. ಅದು ಸರಿ ಇದೆಯಾ ಅಂತ ಆಡಿಟರ್ ತಮ್ಮ ವರದಿಯಲ್ಲಿ ಹೇಳಲೇಬೇಕು. ಒಳ್ಳೆ ನಿಯಮ, ನನಗೆ ತಕರಾರಿಲ್ಲ.

ಆದ್ರೆ ಲಾಗ್ ಬರೆಯೋ ಗಡಿಯಾರ ಸರಿ ಇದೆಯಾ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಆಫ್ ಮಾಡೋಕೆ ಆಗದ ಲಾಗ್ ತಪ್ಪು ಟೈಮನ್ನ ಬರೆದ್ರೆ, ಆ ತಪ್ಪನ್ನೂ ಯಾರೂ ಅಳಿಸೋಕೆ ಆಗಲ್ಲ, ಅಲ್ವಾ?

ನನಗೆ ಅನುಮಾನ ಬಂದಿದ್ದು ಗೇಟ್ ರಿಜಿಸ್ಟರ್‌ನಿಂದ. ವಾಚ್‌ಮನ್ ಅಜ್ಜ ತಮ್ಮ ಮೊಬೈಲ್ ನೋಡಿ ಟೆಂಪೋ ಹೊರಗೆ ಹೋದ ಟೈಮನ್ನ ಪೆನ್ನಲ್ಲಿ ಬರೀತಾರೆ. ಅದೇ ಆರ್ಡರ್‌ನ ಟೆಂಪೋ ಗೇಟ್ ದಾಟಿದ್ದು 6:17. ಡಿಸ್ಪ್ಯಾಚ್ ಆಗಿ ಒಂಬತ್ತು ನಿಮಿಷ ಟೆಂಪೋ ಎಲ್ಲಿ ನಿಂತಿತ್ತು? ಗೋಡೌನಿನಿಂದ ಗೇಟಿಗೆ ನೂರು ಹೆಜ್ಜೆ ಇಲ್ಲ. ವೌಚಿಂಗ್ ಪಾಠದಲ್ಲಿ ಮೇಷ್ಟ್ರು ಹೇಳ್ತಾರಲ್ಲ, ಒಂದು ದಾಖಲೆಯನ್ನ ಹೊರಗಿನ ಇನ್ನೊಂದು ದಾಖಲೆ ಜೊತೆ ಇಟ್ಟು ನೋಡಿ ಅಂತ. ಹದಿನೈದು ರೂಪಾಯಿ ನೋಟ್‌ಬುಕ್ಕು ಅವತ್ತು ಸರ್ವರ್‌ಗಿಂತ ನಂಬೋ ಹಾಗಿತ್ತು.

ಭಾಗ 4

ಈ ಪೋಸ್ಟಿನ ಫೋಟೋ ನನ್ನ ಗ್ರಾಫ್ ಶೀಟು. ಕೈಬರಹ ಸಹಿಸ್ಕೊಳ್ಳಿ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಎಲ್ಲ ಆರ್ಡರ್‌ಗಳನ್ನ ಶೀಟಿಗೆ ಹಾಕ್ಕೊಂಡೆ. ಡಿಸ್ಪ್ಯಾಚ್ ಟೈಮಿನಿಂದ ಅಪ್ರೂವಲ್ ಟೈಮು ಕಳೆದೆ. ಆಮೇಲೆ ಪ್ರತಿ ತಿಂಗಳ ಕೊನೆಯ ಎರಡು ಮೂರು ದಿನಗಳಲ್ಲಿ ಅತಿ ಕಮ್ಮಿ ಅಂತರ ಎಷ್ಟು ಅಂತ ಮಾತ್ರ ನೋಡಿದೆ. ಅಕ್ಟೋಬರ್ ಕೊನೆ: ಅಪ್ರೂವಲ್ ಆದ 54 ಸೆಕೆಂಡ್‌ಗೆ ಡಿಸ್ಪ್ಯಾಚ್. ನವೆಂಬರ್ ಕೊನೆ: 12 ಸೆಕೆಂಡ್ ‘ಮೊದಲೇ’. ಡಿಸೆಂಬರ್: 80 ಸೆಕೆಂಡ್ ಮೊದಲೇ. ಜನವರಿ: 148. ಫೆಬ್ರವರಿ: 210. ಮಾರ್ಚ್: 276.

ಈ ಅಂಕಿಗಳ ಮಧ್ಯದ ವ್ಯತ್ಯಾಸ ನೋಡಿ. 66, 68, 68, 62, 66. ಫೆಬ್ರವರಿಯಲ್ಲಿ ಮಾತ್ರ ಸ್ವಲ್ಪ ಕಮ್ಮಿ, ಯಾಕಂದ್ರೆ ಆ ತಿಂಗಳಿಗೆ 28 ದಿನ. ಕದಿಯೋರು ಯಾರಾದ್ರೂ ದಿನಕ್ಕೆ ಎರಡು ಸೆಕೆಂಡ್ ಲೆಕ್ಕದಲ್ಲಿ, ಆರು ತಿಂಗಳು, ಕ್ಯಾಲೆಂಡರ್ ನೋಡ್ಕೊಂಡು ಕದೀತಾರಾ?

ಇದು ಮನುಷ್ಯರ ಕೆಲಸ ಅಲ್ಲ, ಗಡಿಯಾರದ ಕೆಲಸ. ದಿನಕ್ಕೆ ಸುಮಾರು 2.2 ಸೆಕೆಂಡ್ ಹಿಂದೆ ಬೀಳ್ತಾ ಇದೆ. 180 ದಿನಕ್ಕೆ ಲೆಕ್ಕ ಹಾಕಿ, ಸರಳ ಬಡ್ಡಿಗಿಂತ ಸುಲಭ: 396 ಸೆಕೆಂಡ್. ಅಂದ್ರೆ ಆರೂವರೆ ನಿಮಿಷದ ಮೇಲೆ. ಮಾರ್ಚ್ 31ರ 6:08ಕ್ಕೆ ಅದನ್ನ ಕೂಡಿದ್ರೆ 6:15 ಹತ್ತಿರ ಬರುತ್ತೆ. ಅಪ್ರೂವಲ್ 6:12, ಡಿಸ್ಪ್ಯಾಚ್ 6:15, ಗೇಟ್ 6:17. ಎಲ್ಲ ತನ್ನ ತನ್ನ ಜಾಗಕ್ಕೆ ಬಂದು ಕೂತ್ಕೊಳ್ತು.

ಇಷ್ಟು ನನ್ನ ಕೈಲಿ ಆಯ್ತು. ಗಡಿಯಾರ ಯಾಕೆ ಹಿಂದೆ ಬಿತ್ತು ಅನ್ನೋದು ನನಗೆ ತಿಳಿಯೋ ವಿಷಯ ಅಲ್ಲ. ನೆಟ್‌ವರ್ಕ್ ಕೆಲಸ ಮಾಡೋ ನಮ್ಮ ಚಿಕ್ಕಪ್ಪನ ಮಗ ಅಣ್ಣನಿಗೆ ಫೋನ್ ಮಾಡಿದೆ. ‘ಸಾಹುಕಾರ್ರು ಒಪ್ಪಿದ್ರೆ ಬರ್ತೀನಿ, ಆದ್ರೆ ನಾನು ಬರೋವರೆಗೂ ಯಾರೂ ಆ ಸರ್ವರ್ ಮುಟ್ಟಬಾರದು, ರೀಸ್ಟಾರ್ಟ್ ಕೂಡ ಮಾಡಬಾರದು’ ಅಂದ. ಯಾಕೆ ಅಂತ ಆಮೇಲೆ ಗೊತ್ತಾಯ್ತು.

ಭಾಗ 5

ಅಣ್ಣ ಬಂದ ತಕ್ಷಣ ಏನೂ ರಿಪೇರಿ ಮಾಡಲಿಲ್ಲ. ಎರಡೂ ಸರ್ವರ್‌ಗಳ ಟೈಮನ್ನ ಒಂದೇ ಪರದೆಯಲ್ಲಿ ಅಕ್ಕಪಕ್ಕ ತೆರೆದು ಮ್ಯಾನೇಜರ್ ಸರ್ ಎದುರಿಗೇ ಫೋಟೋ ತೆಗೆಸ್ದ. ವ್ಯತ್ಯಾಸ 6 ನಿಮಿಷ 40 ಸೆಕೆಂಡ್. ಬ್ಯಾಕಪ್ ಸರ್ವರ್ ಮಾತ್ರ ಮುಖ್ಯ ಸರ್ವರ್ ಜೊತೆ ಸರಿಯಾಗಿ ಇತ್ತು. ಲಾಗ್ ಫೈಲ್‌ಗಳನ್ನ ಪೆನ್‌ಡ್ರೈವ್‌ಗೆ ಹಾಕ್ಸಿದ. ‘ಸರಿ ಮಾಡಿದ ಮರುಕ್ಷಣ ಸಾಕ್ಷಿ ಹೋಗುತ್ತೆ. ಗಡಿಯಾರ ಯಾವಾಗಲೂ ಸರಿಯಾಗೇ ಇತ್ತು ಅಂತ ನಾಳೆ ಯಾರಾದ್ರೂ ಅಂದ್ರೆ ಏನ್ ತೋರಿಸ್ತೀಯ?’ ಅಂದ.

ಈಗ ಸ್ವಲ್ಪ ಪಾಠ, ಬೇಜಾರಾದ್ರೂ ಓದಿ.

ಕಂಪ್ಯೂಟರ್ ಒಳಗಿನ ಗಡಿಯಾರ ಕ್ವಾರ್ಟ್ಸ್ ಹರಳಿನ ಮೇಲೆ ನಡೆಯುತ್ತೆ, ಕೈಗಡಿಯಾರದ ಥರಾನೇ. ಹರಳು ಒಂದೊಂದೂ ಒಂದೊಂದು ಥರ, ಬಿಸಿಲು ಚಳಿಗೂ ಬದಲಾಗುತ್ತೆ. ಹತ್ತು ಲಕ್ಷ ಸೆಕೆಂಡ್‌ಗೆ 26 ಸೆಕೆಂಡ್ ತಪ್ಪೋದು ಮಾಮೂಲಿ ವಿಷಯವಂತೆ. ಅದೇ ದಿನಕ್ಕೆ 2.2 ಸೆಕೆಂಡ್. ಅಂದ್ರೆ ಗೋಡೌನ್ ಸರ್ವರ್‌ಗೆ ರೋಗ ಏನೂ ಇರಲಿಲ್ಲ. ಪಾಪ, ಅದನ್ನ ತಿದ್ದೋರು ಇರಲಿಲ್ಲ ಅಷ್ಟೇ.

ತಿದ್ದೋ ಕೆಲಸಕ್ಕೆ ಇರೋದೇ ಎನ್‌ಟಿಪಿ, ಅಂದ್ರೆ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ ಇದನ್ನ ರೂಪಿಸಿದವರು. 1985ರಲ್ಲಿ ಮೊದಲ ಬರಹ ಬಂತು, ಈಗಿನ ನಾಲ್ಕನೇ ಆವೃತ್ತಿಯ ನಿಯಮ 2010ರದ್ದು. ಅವರು 2024ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ದೇಶದ ಸಮಯ ಕಾಯೋದು ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ನಿರ್ದೇಶನ ಹೊರಡಿಸ್ತು: ಸರ್ವರ್‌ಗಳ ಗಡಿಯಾರವನ್ನ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಟೈಮ್ ಸರ್ವರ್‌ಗಳಿಗೆ, ಇಲ್ಲಾಂದ್ರೆ ಅವಕ್ಕೆ ತಾಳೆಯಾಗೋ ಸರ್ವರ್‌ಗಳಿಗೆ ಹೊಂದಿಸಿ ಅಂತ. ನಮ್ಮ ಆಫೀಸಿನ ಮುಖ್ಯ ಸರ್ವರ್ ಅದನ್ನ ಸರಿಯಾಗೇ ಮಾಡ್ತಿತ್ತು. ಅಲ್ಲಿಂದ ಮುಂದೆ ರಸ್ತೆ ದಾಟೋವಾಗ ಟೈಮು ಕಳೆದುಹೋಗ್ತಿತ್ತು.

ಭಾಗ 6

ಒಂದು ಸರ್ವರ್ ಇನ್ನೊಂದಕ್ಕೆ ಟೈಮ್ ಹೇಳೋಕೆ ಎರಡು ದಾರಿ ಇವೆ.

ಒಂದು, ಕೇಳಿ ತಿಳ್ಕೊಳ್ಳೋದು. ಗೋಡೌನ್ ತನ್ನ ಗಡಿಯಾರದಲ್ಲಿ 10:00:00 ಇರುವಾಗ ‘ಟೈಮ್ ಎಷ್ಟು?’ ಅಂತ ಚೀಟಿ ಕಳಿಸುತ್ತೆ ಅಂದ್ಕೊಳ್ಳಿ. ಆಫೀಸಿಗೆ ಅದು ತಲುಪಿದಾಗ ಅಲ್ಲಿ 10:06:42. ಆಫೀಸು 10:06:43ಕ್ಕೆ ಉತ್ತರ ಕಳಿಸುತ್ತೆ. ಗೋಡೌನಿಗೆ ಉತ್ತರ ಬಂದಾಗ ಅಲ್ಲಿ 10:00:05. ಹೋಗುವಾಗಿನ ವ್ಯತ್ಯಾಸ 402 ಸೆಕೆಂಡ್, ಬರುವಾಗಿನದು 398. ಸರಾಸರಿ 400. ಗೋಡೌನ್ 400 ಸೆಕೆಂಡ್ ಹಿಂದಿದೆ! ಚೀಟಿ ದಾರಿಯಲ್ಲಿ ಕಳೆದ ಹೊತ್ತು ಸರಾಸರಿಯಲ್ಲಿ ತಾನೇ ತಾನಾಗಿ ಹೊಡೆದುಹೋಗುತ್ತೆ, ಎರಡೂ ಕಡೆ ಒಂದೇ ಸಮ ಇದ್ರೆ. (ನಿಜವಾಗಿ ದಾರಿ ಹಿಡಿಯೋದು ಸೆಕೆಂಡಿನ ಸಾವಿರದ ಒಂದೆರಡು ಪಾಲು. ನಿಮಗೆ ಸುಲಭ ಆಗ್ಲಿ ಅಂತ ದೊಡ್ಡದು ಮಾಡಿ ಬರೆದೆ.)

ಇನ್ನೊಂದು ದಾರಿ ಡಂಗುರ. ಅದೇ ಮಲ್ಟಿಕಾಸ್ಟ್. ಮುಖ್ಯ ಸರ್ವರ್ ನಿಮಿಷಕ್ಕೊಂದು ಸಲ, ಸರಿಯಾಗಿ ಹೇಳಬೇಕಂದ್ರೆ 64 ಸೆಕೆಂಡ್‌ಗೊಮ್ಮೆ, 224.0.1.1 ಅನ್ನೋ ವಿಳಾಸಕ್ಕೆ ‘ಈಗ ಇಷ್ಟು ಗಂಟೆ’ ಅಂತ ಸಾರುತ್ತೆ. ಅದು ಯಾವುದೇ ಒಂದು ಕಂಪ್ಯೂಟರಿನ ವಿಳಾಸ ಅಲ್ಲ, ಒಂದು ಗುಂಪಿನ ಹೆಸರು. ಕೇಳಬೇಕು ಅನ್ನೋರು ಗುಂಪಿಗೆ ಸೇರ್ಕೋಬೇಕು. ನಮ್ಮ ಕ್ಲಾಸ್ ಗ್ರೂಪಲ್ಲಿ ಟೈಮ್‌ಟೇಬಲ್ ಹಾಕೋದಕ್ಕೂ, ಅರವತ್ತು ಜನಕ್ಕೆ ಒಬ್ಬೊಬ್ಬರಿಗೇ ಕಳಿಸೋದಕ್ಕೂ ಇರೋ ವ್ಯತ್ಯಾಸವೇ ಇದು. ಡಂಗುರದಲ್ಲಿ ಉತ್ತರ ಬರೋ ದಾರಿ ಮಾತ್ರ ಇದೆ, ಹೋಗೋ ದಾರಿ ಇಲ್ಲ. ಹಾಗಾಗಿ ಕೇಳೋ ಸರ್ವರ್ ಮೊದಲ ಸಲ ಸದ್ದು ಕೇಳಿದಾಗ ನಾಲ್ಕಾರು ಚೀಟಿ ಕಳಿಸಿ ದಾರಿ ಎಷ್ಟು ದೂರ ಅಂತ ಅಳೆದುಕೊಳ್ಳುತ್ತೆ. ಆಮೇಲೆ ಸುಮ್ನೆ ಕಿವಿಗೊಟ್ಟು ಕೂರುತ್ತೆ.

ನಮ್ಮಲ್ಲಿ ಹಿಂದೆ ಇದ್ದ ಕಂಪ್ಯೂಟರ್ ನೋಡ್ಕೊಳ್ಳೋರು ಈ ಡಂಗುರ ಪದ್ಧತಿ ಮಾಡಿಟ್ಟು ಹೋಗಿದ್ರು. ಆಗ ಬಿಲ್ಲಿಂಗ್ ಕಂಪ್ಯೂಟರ್‌ಗಳು ತುಂಬ ಇದ್ವಂತೆ. ವರ್ಷಗಟ್ಟಲೆ ಚೆನ್ನಾಗೇ ನಡೀತು.

ಭಾಗ 7

ರಾತ್ರಿ ವ್ಯಾಪಾರ ಮುಗಿದ ಮೇಲೆ, 9:10ಕ್ಕೆ, ಅಣ್ಣ ಗೋಡೌನಿನ ಎನ್‌ಟಿಪಿ ಸರ್ವಿಸನ್ನ ರೀಸ್ಟಾರ್ಟ್ ಮಾಡ್ದ. ಅರ್ಧ ನಿಮಿಷ, ಒಂದು ನಿಮಿಷ... ಟಕ್ ಅಂತ ಗಡಿಯಾರ 6 ನಿಮಿಷ 40 ಸೆಕೆಂಡ್ ಮುಂದಕ್ಕೆ ಹಾರಿ ಸರಿಯಾಯ್ತು! ಮ್ಯಾನೇಜರ್ ಸರ್ ‘ಅಷ್ಟೇನಾ’ ಅಂತ ಎದ್ದು ನಿಂತ್ರು.

ಅಣ್ಣ ಏಳಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ತರಿಸ್ಕೊಂಡು ಪರದೆ ನೋಡ್ತಾ ಕೂತ. ‘ಹೊಸ ಸರ್ವರ್ ಇಟ್ಟೋರೂ ಇಲ್ಲಿವರೆಗೆ ನೋಡೇ ಹೋಗಿರ್ತಾರೆ. ಆವತ್ತೂ ಗಡಿಯಾರ ಸರಿಯಾಗೇ ಇತ್ತು’ ಅಂದ.

ಪರದೆಯಲ್ಲಿದ್ದದ್ದು ಎನ್‌ಟಿಪಿಕ್ಯೂ ಅನ್ನೋ ಕಮಾಂಡಿನ ಪಟ್ಟಿ. ಅದರಲ್ಲಿ ‘ರೀಚ್’ ಅಂತ ಒಂದು ಕಾಲಂ ಇದೆ. ಕೊನೆಯ ಎಂಟು ಸಲದಲ್ಲಿ ಎಷ್ಟು ಸಲ ಟೈಮ್ ಸಿಕ್ತು ಅಂತ ಹೇಳೋ ಸಂಖ್ಯೆ. ಎಂಟೂ ಸಿಕ್ಕಿದ್ರೆ 377. ಇದು ನಮ್ಮ ನಿಮ್ಮ ದಶಮಾಂಶ ಲೆಕ್ಕ ಅಲ್ಲ, ಎಂಟರ ಲೆಕ್ಕ, ಅದಕ್ಕೇ ಈ ವಿಚಿತ್ರ ಅಂಕಿ. ನಮ್ಮ ಗೋಡೌನಿನಲ್ಲಿ ಆ ಸಂಖ್ಯೆ ಸ್ವಲ್ಪ ಮೇಲೇರ್ತು, 377ಕ್ಕೆ ಹೋಗಲೇ ಇಲ್ಲ. 9:14 ದಾಟಿದ ಮೇಲೆ ಹೊಸದೇನೂ ಬರಲಿಲ್ಲ. ನೋಡ್ತಾ ನೋಡ್ತಾ ಸಂಖ್ಯೆ ಸೊನ್ನೆಗೆ ಬಂತು. ಕೊನೆಗೆ ಆ ಸಾಲೇ ಪಟ್ಟಿಯಿಂದ ಮಾಯ.

ಇನ್ನೊಂದು ಸಲ ರೀಸ್ಟಾರ್ಟ್. ಮತ್ತೆ ನಾಲ್ಕು ನಿಮಿಷ ಚೆನ್ನ, ಆಮೇಲೆ ಮೌನ. ಮೂರನೇ ಸಲ ಮೊಬೈಲ್ ಸ್ಟಾಪ್‌ವಾಚ್ ಇಟ್ಕೊಂಡು ನೋಡಿದ್ವಿ. ಅಣ್ಣನ ಮುಖ ಅರಳ್ತು. ‘ಯಾವಾಗಲೂ ಒಂದೇ ಹೊತ್ತಿಗೆ ಕೆಡೋದು ಕೆಟ್ಟಿದ್ದಲ್ಲ. ಎಲ್ಲೋ ಒಂದು ನಿಯಮ ತನ್ನ ಕೆಲಸ ತಾನು ಮಾಡ್ತಾ ಇದೆ.’

ಆಮೇಲೆ ಒಂದೊಂದೇ ಬಿಡಿಸ್ತಾ ಹೋದ. ನಮ್ಮ ಟ್ಯಾಲಿ ಆಗದ ಟ್ರಯಲ್ ಬ್ಯಾಲೆನ್ಸ್ ಹುಡುಕೋ ಥರಾನೇ. ಮುಖ್ಯ ಸರ್ವರ್ ಸಾರೋದು ನಿಲ್ಲಿಸಿದ್ಯಾ? ಇಲ್ಲ, ಬ್ಯಾಕಪ್ ಸರ್ವರ್‌ಗೆ ಬರ್ತಾನೇ ಇದೆ. ಫೈರ್‌ವಾಲ್ ತಡೀತಿದ್ಯಾ? ತಡೆದಿದ್ರೆ ಮೊದಲ ನಾಲ್ಕು ಹೇಗೆ ಬಂದ್ವು? ಗುಟ್ಟಿನ ಕೀ ಹೊಂದಲ್ವಾ? ಡಂಗುರವನ್ನ ನಂಬೋಕೆ ಎರಡೂ ಕಡೆ ಒಂದೇ ಕೀ ಇರಬೇಕು, ಇಲ್ಲಾಂದ್ರೆ ಯಾರು ಬೇಕಾದ್ರೂ ಸುಳ್ಳು ಟೈಮ್ ಸಾರಬಹುದು. ಆದ್ರೆ ಕೀ ತಪ್ಪಿದ್ರೆ ಒಂದನ್ನೂ ಒಪ್ಪುತ್ತಿರಲಿಲ್ಲ. ಮಧ್ಯೆ ರೂಟರ್ ಇದ್ಯಾ? ಇಲ್ಲ, ಎರಡೂ ಒಂದೇ ನೆಟ್‌ವರ್ಕ್. ತಂತಿಯ ಮೇಲೆ ಕಿವಿಯಿಟ್ಟು ಕೇಳೋ ಟಿಸಿಪಿಡಂಪ್ ಹಾಕಿ ನೋಡಿದ್ರೆ, 224.0.1.1ರ ಸಾರಿಕೆ ಆಫೀಸಿನಿಂದ ಹೊರಡ್ತಾ ಇದೆ, ಗೋಡೌನ್ ಸರ್ವರ್‌ಗೆ ತಲುಪ್ತಾ ಇಲ್ಲ. ಮಧ್ಯೆ ಉಳಿದಿದ್ದು ಕುಂಕುಮದ ಸ್ವಿಚ್ಚೊಂದೇ.

ಭಾಗ 8

ಹಾಸ್ಟೆಲ್‌ನಲ್ಲಿರೋರಿಗೆ ಈ ಭಾಗ ಬೇಗ ಅರ್ಥ ಆಗುತ್ತೆ.

ಆಫೀಸಿನ ಹಳೇ ಸ್ವಿಚ್ ದಡ್ಡ. ಗುಂಪಿನ ಮಾತು ಬಂದ್ರೆ ಎಲ್ಲ ತಂತಿಗೂ ಸುರಿಯುತ್ತೆ, ಬೇಕಾದೋರು ಕೇಳ್ಕೊಳ್ತಾರೆ. ಹೊಸ ಸ್ವಿಚ್ ಜಾಣ. ಅದರಲ್ಲಿ ‘ಐಜಿಎಂಪಿ ಸ್ನೂಪಿಂಗ್’ ಅಂತ ಒಂದು ಸೌಲಭ್ಯ ಆನ್ ಇತ್ತು. ಯಾವ ತಂತಿಯಲ್ಲಿ ಯಾರು ಯಾವ ಗುಂಪಿಗೆ ಸೇರಿದ್ದಾರೆ ಅಂತ ಅದು ಕದ್ದು ಕೇಳಿ ಬರೆದಿಟ್ಕೊಳ್ಳುತ್ತೆ. ಅವರಿಗೆ ಮಾತ್ರ ಆ ಗುಂಪಿನ ಮಾತು ಕಳಿಸುತ್ತೆ. ಬೇಡದ ಕಡೆ ಸುರಿಯಲ್ಲ. ಒಳ್ಳೇದೇ.

ಮೆಸ್ಸಿನ ಪಟ್ಟಿ ನೆನಪಿಸ್ಕೊಳ್ಳಿ. ನೀವು ಹಾಸ್ಟೆಲ್‌ಗೆ ಬಂದ ದಿನ ‘ನನಗೆ ಊಟ ಬೇಕು’ ಅಂತ ಹೆಸರು ಬರೆಸ್ತೀರಿ. ಪಟ್ಟಿ ಇಷ್ಟು ದಿನಕ್ಕೆ ಮಾತ್ರ ಅಂತ ನಿಯಮ ಇದೆ. ಅದು ಮುಗಿಯೋ ಮುಂಚೆ ಭಟ್ಟರು ಬಂದು ‘ಯಾರ್ಯಾರಿಗೆ ಬೇಕು’ ಅಂತ ಮತ್ತೆ ಕೇಳ್ತಾರೆ, ನೀವು ಕೈ ಎತ್ತುತ್ತೀರಿ, ಹೆಸರು ಮುಂದುವರಿಯುತ್ತೆ. ಈಗ ಕೇಳೋ ಭಟ್ಟರೇ ಇಲ್ಲ ಅಂದ್ಕೊಳ್ಳಿ. ಯಾರೂ ಕೇಳಲ್ಲ, ನೀವೂ ತಾನಾಗಿ ಹೋಗಿ ಹೇಳಲ್ಲ. ಪಟ್ಟಿ ಅವಧಿ ಮುಗೀತು, ನಿಮ್ಮ ಹೆಸರು ಹೋಯ್ತು, ಎಲೆ ಹಾಕಲ್ಲ.

ನೆಟ್‌ವರ್ಕ್‌ನಲ್ಲಿ ಆ ಭಟ್ಟರಿಗೆ ‘ಕ್ವೆರಿಯರ್’ ಅಂತ ಹೆಸರು. ಸಾಮಾನ್ಯವಾಗಿ ಮಲ್ಟಿಕಾಸ್ಟ್ ನೋಡ್ಕೊಳ್ಳೋ ರೂಟರ್ ಆ ಕೆಲಸ ಮಾಡುತ್ತೆ, 125 ಸೆಕೆಂಡ್‌ಗೊಮ್ಮೆ ಕೇಳುತ್ತೆ. ಎರಡು ಸಲ ಕೇಳಿದ್ರೂ ಉತ್ತರ ಬರದಿದ್ರೆ, ಮೇಲೆ 10 ಸೆಕೆಂಡ್ ಕಾದು ಹೆಸರು ತೆಗೀತಾರೆ. ಎರಡು 125, ಜೊತೆಗೆ 10. 260 ಸೆಕೆಂಡ್. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್! ನಮ್ಮ ಸ್ಟಾಪ್‌ವಾಚ್ ಹೇಳಿದ್ದೂ ಅದೇ. ಗೋಡೌನಿನಲ್ಲಿ ಅಂಥ ರೂಟರ್ ಇಲ್ಲ, ಸ್ವಿಚ್‌ನಲ್ಲಿದ್ದ ಕ್ವೆರಿಯರ್ ಸೌಲಭ್ಯ ಆಫ್. ಜೊತೆಗೆ ಪಟ್ಟಿಯಲ್ಲಿ ಇಲ್ಲದವರಿಗೆ ಏನೂ ಕಳಿಸಬೇಡ ಅನ್ನೋ ಇನ್ನೊಂದು ಸೆಟ್ಟಿಂಗ್ ಆನ್. ಎರಡೂ ಸೇರಿ ಈ ಪಾಡು.

ಇನ್ನೂ ಒಂದು ಅನುಮಾನ ನನಗಿತ್ತು, ಕೇಳ್ದೆ. ಮೊದಲ ನಾಲ್ಕು ನಿಮಿಷದಲ್ಲಿ ತನ್ನ ಹರಳಿನ ತಪ್ಪನ್ನ ಸರ್ವರ್ ಕಲ್ತುಕೊಳ್ಳಬಾರದಿತ್ತಾ? ಹಳೇ ಸರ್ವರ್ ಆಗಿದ್ರೆ ಹಿಂದೆ ಅಳೆದಿಟ್ಟ ಅಂಕಿ ಫೈಲಿನಲ್ಲಿ ಇರ್ತಿತ್ತು, ಟೈಮ್ ಬರೋದು ನಿಂತರೂ ಆ ಅಂಕಿ ಹಿಡ್ಕೊಂಡು ಹೆಚ್ಚು ತಪ್ಪದೆ ನಡೀತಿತ್ತು ಅಂದ. ಇದು ಹೊಸದು, ಅಳೆಯೋಕೆ ನಾಲ್ಕು ನಿಮಿಷ ಸಾಲದು. ಹಂಗಾಗಿ ಮೊದಲ ದಿನ ಟೈಮ್ ಸರಿ ಮಾಡ್ಕೊಂಡು, ಆಮೇಲೆ ಆರು ತಿಂಗಳು ಯುಪಿಎಸ್ ಮೇಲೆ ಒಮ್ಮೆಯೂ ಆಫ್ ಆಗದೆ, ತನ್ನ ಹರಳನ್ನೇ ನಂಬ್ಕೊಂಡು ಓಡಿದೆ. ಮಧ್ಯೆ ಒಂದು ಸಲ ಕರೆಂಟ್ ಹೋಗಿ ಸರ್ವರ್ ಮತ್ತೆ ಸ್ಟಾರ್ಟ್ ಆಗಿದ್ದಿದ್ರೆ ಗಡಿಯಾರ ಆವತ್ತು ಸರಿಯಾಗ್ತಿತ್ತು, ನನ್ನ ಗ್ರಾಫಿನ ಗೆರೆ ಅಷ್ಟು ನೇರ ಬರ್ತಾ ಇರಲಿಲ್ಲ.

ಭಾಗ 9

ಅಂದಾಜು ಸರಿಯಾ ಅಂತ ಖಚಿತ ಮಾಡ್ಕೊಳ್ಳದೆ ಅಣ್ಣ ಬಿಡಲಿಲ್ಲ. ಸ್ವಿಚ್ ಪಾಸ್‌ವರ್ಡ್ ಎಲ್ಲಿ ಅಂತ ಹುಡುಕಿದ್ರೆ, ಇಟ್ಟೋರು ಅದನ್ನ ಸ್ವಿಚ್ ತಳಕ್ಕೇ ಚೀಟಿ ಅಂಟಿಸಿ ಹೋಗಿದ್ರು. (ಇದರ ಬಗ್ಗೆ ಬೇರೆ ಸರಣಿಯೇ ಬರೀಬಹುದು.) ಸ್ನೂಪಿಂಗ್ ಆಫ್ ಮಾಡ್ದ. ಟೈಮ್ ಬರೋಕೆ ಶುರು, ಹದಿನೈದು ನಿಮಿಷ ಆದ್ರೂ ನಿಲ್ಲಲಿಲ್ಲ. ಮತ್ತೆ ಆನ್ ಮಾಡ್ದ, ಮೌನ. ಆಮೇಲೆ ಸ್ನೂಪಿಂಗ್ ಆನ್ ಇಟ್ಟೇ ಕ್ವೆರಿಯರನ್ನೂ ಆನ್ ಮಾಡ್ದ. ರೀಚ್ 377ಕ್ಕೆ ಹೋಗಿ ನಿಂತ್ಕೊಳ್ತು. ಅಷ್ಟು ಹೊತ್ತಿಗೆ ರಾತ್ರಿ 11 ದಾಟಿತ್ತು. ನಮ್ಮಮ್ಮನ ಮಿಸ್ಡ್ ಕಾಲ್ ಏಳು.

ಆದ್ರೂ ಅಣ್ಣ ಡಂಗುರ ಪದ್ಧತಿಯನ್ನ ಉಳಿಸಲಿಲ್ಲ. ಮಾರನೇ ದಿನ ಬಂದು ಮೂರೂ ಸರ್ವರ್‌ಗಳಲ್ಲಿ ಕೇಳಿ ತಿಳ್ಕೊಳ್ಳೋ ಪದ್ಧತಿಯನ್ನೇ ಹಾಕ್ದ. ಇರೋದು ಮೂರು ಸರ್ವರ್, ಇದಕ್ಕೆ ಯಾಕೆ ಡಂಗುರ ಅಂತ ಅವನ ವಾದ. ಕೇಳಿ ತಿಳ್ಕೊಳ್ಳೋದ್ರಲ್ಲಿ ಪ್ರತಿ ಸಲ ದಾರಿಯ ಅಳತೆಯೂ ಆಗುತ್ತೆ, ಸುಳ್ಳು ಟೈಮ್ ತುರುಕೋದೂ ಕಷ್ಟ. ನನಗೂ ಅದೇ ಸರಿ ಅನ್ನಿಸ್ತು. ನೂರಾರು ಯಂತ್ರಗಳಿಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ನಿಖರ ಟೈಮ್ ಬೇಕಾದ ಕಡೆ ಪಿಟಿಪಿ ಅಂತ ಇನ್ನೊಂದು ಪದ್ಧತಿ ಇದೆ, 2002ರಲ್ಲಿ ಐಟ್ರಿಪಲ್‌ಇ 1588 ಅನ್ನೋ ಹೆಸರಲ್ಲಿ ಬಂತು. ಅದರ ಮಲ್ಟಿಕಾಸ್ಟ್ ವಿಳಾಸ 224.0.1.129. ಭಟ್ಟರಿಲ್ಲದ ಮೆಸ್ಸಿನಲ್ಲಿ ಅದಕ್ಕೂ ಊಟ ಸಿಗಲ್ಲ. ನಿಮ್ಮ ಕಸಿನ್ಸ್ ಯಾರಾದ್ರೂ ಎಂಜಿನಿಯರಿಂಗ್ ಓದ್ತಿದ್ರೆ ಈ ಪೋಸ್ಟ್ ಕಳಿಸಿ.

ಟೈಮ್ ಕೊಡೋರು ಎಷ್ಟು ಜನ ಇರಬೇಕು ಅಂತಲೂ ಹೇಳ್ದ. ಒಬ್ಬರೇ ಇದ್ರೆ ಅವರು ತಪ್ಪಿದ್ರೆ ನೀವೂ ತಪ್ಪು. ಇಬ್ಬರಿದ್ರೆ ಜಗಳ ಬಂದಾಗ ಯಾರು ಸರಿ ಗೊತ್ತಾಗಲ್ಲ. ಅದಕ್ಕೆ ಮುಖ್ಯ ಸರ್ವರ್‌ಗೆ ಈಗ ನಾಲ್ಕು ಕಡೆಯಿಂದ ಟೈಮ್ ಬರುತ್ತೆ.

ಭಾಗ 10

ಅಕ್ಕನ ವಿಷಯಕ್ಕೆ ಬರ್ತೀನಿ, ಮೂರು ದಿನದಿಂದ ಎಲ್ಲರೂ ಅದನ್ನೇ ಕೇಳ್ತಿದ್ದೀರಿ.

ಗ್ರಾಫ್, ಗೇಟ್ ರಿಜಿಸ್ಟರ್, ಎರಡು ಗಡಿಯಾರದ ಫೋಟೋ, ಮೂರನ್ನೂ ಆಡಿಟರ್ ಸರ್ ಎದುರು ಇಟ್ವಿ. ಅವರು ತುಂಬ ಹೊತ್ತು ಗ್ರಾಫನ್ನೇ ನೋಡಿದ್ರು. ಫೆಬ್ರವರಿಯ 62ರ ಮೇಲೆ ಪೆನ್ಸಿಲ್ಲಿನಿಂದ ಒಂದು ಸುತ್ತು ಹಾಕಿದ್ರು, ನಕ್ಕರು. ಲಾಗ್‌ನ ಯಾವ ಎಂಟ್ರಿಯನ್ನೂ ತಿದ್ದೋ ಹಾಗಿಲ್ಲ, ತಿದ್ದೋದೂ ಬೇಡ. ಇಂಥ ದಿನದಿಂದ ಇಂಥ ದಿನದವರೆಗೆ ಗೋಡೌನ್ ಸರ್ವರ್ ಗಡಿಯಾರ ದಿನಕ್ಕೆ ಇಷ್ಟರಂತೆ ಹಿಂದಿತ್ತು ಅಂತ ಒಂದು ಟಿಪ್ಪಣಿ ಬರೆದು, ಪುರಾವೆ ಸೇರಿಸಿ ಫೈಲ್ ಮಾಡಿ ಅಂದ್ರು. ಹಾಗೇ ಆಯ್ತು.

ಆರು ಚೀಲ ತೊಗರಿಬೇಳೆಯ ಲೆಕ್ಕ ಇನ್ನೂ ಸಿಕ್ಕಿಲ್ಲ. ಗಡಿಯಾರ ಸರಿ ಮಾಡಿದ್ರೆ ಬೇಳೆ ವಾಪಸ್ ಬರಲ್ಲವಲ್ಲ. ಈಗ ರಿಟರ್ನ್ ಬಂದ ಮಾಲಿನ ರಸೀದಿಗಳನ್ನ ನೋಡ್ತಾ ಇದ್ದೀವಿ. ಆದ್ರೆ ಅಪ್ರೂವಲ್ ಇಲ್ಲದೆ ಮಾಲು ಬಿಟ್ರು ಅನ್ನೋ ಮಾತಿಗೆ ಈಗ ಆಧಾರ ಇಲ್ಲ.

ಸಾಹುಕಾರ್ರು ಅಕ್ಕನನ್ನ ಕರೆಸಿ ‘ಆಯ್ತು ಬಿಡಮ್ಮ, ನೋಟಿಸ್ ಮರೆತುಬಿಡು, ನಾಳೆಯಿಂದ ಕೆಲಸಕ್ಕೆ ಬಾ’ ಅಂದ್ರು. ಎಲ್ಲರೂ ಮುಗೀತು ಅಂದ್ಕೊಂಡ್ವಿ. ಅಕ್ಕ ನಿಂತಲ್ಲೇ ನಿಂತಿದ್ರು. ‘ನೋಟಿಸ್ ಕಾಗದದಲ್ಲಿ ಕೊಟ್ರಿ ಸಾಹುಕಾರ್ರೇ, ವಾಪಸ್ ತಗೊಂಡಿದ್ದೂ ಕಾಗದದಲ್ಲೇ ಕೊಡ್ರಿ. ಸೀಲು ಹಾಕಿ’ ಅಂದ್ರು. ರೂಮಿನಲ್ಲಿ ಫ್ಯಾನ್ ಸದ್ದು ಬಿಟ್ಟು ಏನೂ ಇಲ್ಲ. ಎರಡು ನಿಮಿಷ ಆದ್ಮೇಲೆ ಸಾಹುಕಾರ್ರು ಮ್ಯಾನೇಜರ್ ಕಡೆ ನೋಡಿ ‘ಟೈಪ್ ಮಾಡ್ಸಪ್ಪ’ ಅಂದ್ರು.

ಆ ಪತ್ರ ಟೈಪ್ ಮಾಡಿದ್ದು ನಾನೇ. ನಾಲ್ಕೇ ಸಾಲು. ಅಕ್ಕ ಎರಡು ಸಲ ಓದಿಸ್ಕೊಂಡ್ರು, ತಮ್ಮ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತ್ತು, ಅದನ್ನ ತಿದ್ದಿಸಿದ್ರು. ಆಮೇಲೆ ಮಡಚಿ ಊಟದ ಡಬ್ಬಿ ಚೀಲದೊಳಗೆ ಇಟ್ಕೊಂಡು ಗೋಡೌನ್ ಕಡೆ ಹೋದ್ರು, ಲಾರಿ ಬಂದು ನಿಂತಿತ್ತು.

#ಬಿಕಾಂಡೈರಿ #ದಾವಣಗೆರೆ #ಆಡಿಟ್‌ಟ್ರೇಲ್ #ಎನ್‌ಟಿಪಿ